ಎಲ್ಲದಕ್ಕೂ ರೈಟ್

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಒಂದು ಶಬ್ದದ ಚಟ. ನಶ್ಯದ ಡಬ್ಬಿಯನ್ನು ಹೆಂಡತಿ ಬಚ್ಚಿಡಬಹುದು, ಇಸ್ಪೀಟಿನ ಎಲೆಗಳನ್ನು ಒಲೆಗೆ ಹಾಕಬಹುದು. ಬಾಯೊಳಗೇ ಬಿಡಾರ ಹೂಡಿರುವ ಶಬ್ದವನ್ನು ಯಾರು ಏನು ಮಾಡಲಾದೀತು? ಇಂಗ್ಲಿಷರು ಗಂಟುಮೂಟೆ ಕಟ್ಟಿಕೊಂಡು ಹೋಗುವಾಗ ನಮ್ಮ ಕೊಡಗಿನಲ್ಲಿ ಕಾಫಿ ತೋಟ, ಕ್ಲಬ್ಬು, ಬೇಟೆನಾಯಿಗಳ ಹೆಸರು ಎಲ್ಲವನ್ನೂ ಬಿಟ್ಟುಹೋದರು. ಅವನ್ನೆಲ್ಲ ಯಾರ್ಯಾರೋ ಹಂಚಿಕೊಂಡರು. ನನ್ನ ಪಾಲಿಗೆ ಬಂದದ್ದು 'ರೈಟ್' ಎಂಬ ಶಬ್ದ ಮಾತ್ರ. ಮಡಿಕೇರಿಯಲ್ಲಿ ನಮ್ಮದೇ ಒಂದು ಪುಟ್ಟ ಸರ್ಕಾರವಿದ್ದು, ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ದಿನಗಳಲ್ಲಿ ನಾನು ಹುದಿಕೇರಿಯ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಅಂದರೆ ಆಳುಗಳ ಹಾಜರಿ ಹಿಡಿಯುವ, ದಿನದ ಕೆಲಸ ಹಂಚುವ, ಸಾಹುಕಾರರ ಬೈಗುಳವನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳುವ ಗುಮಾಸ್ತ. ರೈಟ್ ರೈಟ್ ಎನ್ನುತ್ತಿರುವುದೇ ಇವರ ಕೆಲಸವಾದ್ದರಿಂದ ಇವರಿಗೆ ರೈಟರೆಂದು ಹೆಸರು ಎಂದು ಎಸ್ಟೇಟಿನ ಮಕ್ಕಳು ತಿಳಿದಿದ್ದರು. ನಾನು ಅವರನ್ನು ತಿದ್ದಲು ಹೋಗಲಿಲ್ಲ.

ಈ ಶಬ್ದದ ಮಹಿಮೆ ಸಾಮಾನ್ಯದ್ದಲ್ಲ. ನಮ್ಮ ಕಡೆ ಬಸ್ಸು ಓಡುವುದು ಪೆಟ್ರೋಲಿನಿಂದಲ್ಲ, ಕಂಡಕ್ಟರು ಬಾಗಿಲು ತಟ್ಟಿ ಕೂಗುವ 'ರೈಟ್'ನಿಂದ. ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ನೋಡಿ ಹಾಕಿದರೂ ರೈಟೇ. ಪಲ್ಟನ್ನಿನಿಂದ ಪೆನ್ಶನ್ ಪಡೆದು ಬಂದ ಸುಬೇದಾರರು ಬೆಳಗಿನ ವಾಯುಸೇವನೆಗೆ ಹೊರಟರೆ ಮನಸ್ಸಿನಲ್ಲೇ ಲೆಫ್ಟು ರೈಟು ಎಣಿಸುತ್ತಾರೆ. ದಾರಿ ಕೇಳಿದರೆ ರೈಟಿಗೆ ತಿರುಗು ಎನ್ನುತ್ತೇವೆ. ಕೆಟ್ಟ ಪಂಪು ದುರಸ್ತಿಯಾದರೆ ಅದು ರೈಟಾಯಿತು, ಮನುಷ್ಯ ಕೆಟ್ಟರೆ ಅವನ ತಲೆ ರೈಟಿಲ್ಲ. ವಿರಾಜಪೇಟೆಯ ಕೋರ್ಟಿನಲ್ಲಿ ವಕೀಲರು ಮೇಜು ಗುದ್ದಿ ಹೇಳುವ ರೈಟೇ ಬೇರೆ. ಅದರ ಹಿಂದೆ ಅಣ್ಣ ತಮ್ಮಂದಿರು, ಗದ್ದೆಯ ಬದು, ಒಂದು ಹಲಸಿನ ಮರ ಎಲ್ಲ ಇರುತ್ತವೆ. ಇನ್ನು ನಮ್ಮ ಎಸ್ಟೇಟಿನಲ್ಲಂತೂ ಈ ಶಬ್ದವಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಬೆಳಗ್ಗೆ ಲೈನಿನ ಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಂತಾಗ ನಾನು ಕೆಲಸ ಹೇಳಿದರೆ ಮಲಯಾಳದವನು 'ಶರಿ' ಎನ್ನುತ್ತಿದ್ದ, ತುಳುವಿನವಳು 'ಆವು' ಎನ್ನುತ್ತಿದ್ದಳು, ಲಾರಿಯ ಸಾಬರು 'ಅಚ್ಛಾ' ಎನ್ನುತ್ತಿದ್ದರು, ಕೊಡವರಾದ ನಮ್ಮ ಸಾಹುಕಾರರು ಜಗಲಿಯ ಮೇಲಿಂದ 'ಅಕ್ಕು' ಎನ್ನುತ್ತಿದ್ದರು. ಎಲ್ಲರ ಕೊನೆಗೆ ನಾನೊಂದು 'ರೈಟ್' ಸೇರಿಸಿದರೆ ಸಭೆ ಮುಗಿದಂತೆ.

ನನ್ನ ಕಷ್ಟವೇನೆಂದರೆ ಈ ಶಬ್ದ ಹಾಜರಿಯ ಅಂಗಳದಲ್ಲೇ ನಿಲ್ಲದೆ ಮನೆಯೊಳಗೂ ಬಂತು. ಹೆಂಡತಿ ಒಂದು ಮಾತು ಹೇಳಿದರೆ ರೈಟ್, ಅದಕ್ಕೆ ನೇರ ವಿರುದ್ಧವಾದದ್ದನ್ನು ಸಾಹುಕಾರರು ಹೇಳಿದರೆ ಅದಕ್ಕೂ ರೈಟ್. 'ಆಗುವುದಿಲ್ಲ' ಎಂಬ ಅಚ್ಚಗನ್ನಡದ ಮಾತು ನನ್ನ ಗಂಟಲವರೆಗೆ ಬಂದು, ಎದುರಿಗಿರುವವರ ಮುಖ ನೋಡಿ, ವಾಪಸು ಹೋಗಿ ಕೂರುತ್ತಿತ್ತು. ಇದನ್ನು ನಾನು ಬಹುಕಾಲ ನನ್ನ ಒಳ್ಳೆಯತನವೆಂದೇ ನಂಬಿದ್ದೆ. ನನ್ನ ಹೆಂಡತಿ ದಾಕ್ಷಾಯಿಣಿಯ ಅಭಿಪ್ರಾಯ ಬೇರೆಯಿತ್ತು, ಆದರೆ ಅದನ್ನು ಹೇಳಿದಾಗಲೂ ನಾನು ರೈಟ್ ಎಂದುಬಿಡುತ್ತಿದ್ದರಿಂದ ಜಗಳ ಮುಂದುವರಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಬೇಸಗೆಯಲ್ಲಿ, ಕಾಫಿ ಪಿಕ್ಕಿಂಗೆಲ್ಲ ಮುಗಿದು ಕೈ ಸ್ವಲ್ಪ ಖಾಲಿಯಿದ್ದಾಗ, ದಾಕ್ಷಾಯಿಣಿ ಬಂದು, "ಅಪ್ಪ ಬರ್ತಾರಂತೆ. ಗಿರಿಜೆ ವಿಷಯ ಮಾತಾಡಿ ಗಟ್ಟಿ ಮಾಡ್ಕೊಂಡು ಹೋಗೋಕೆ," ಎಂದಳು. ಗಿರಿಜೆ ಅವಳ ತಂಗಿ. ಆ ಹುಡುಗಿಯನ್ನು ನನ್ನ ತಮ್ಮ ಮಲ್ಲೇಶನಿಗೆ ತಂದುಕೊಳ್ಳಬೇಕೆಂದು ದಾಕ್ಷಾಯಿಣಿಗೆ ಬಹಳ ಆಸೆ. ದಕ್ಷಿಣ ಕೊಡಗಿನಲ್ಲಿ ತನ್ನವರೆಂದು ಬಾಯಿತುಂಬ ಮಾತಾಡಲು ಅವಳಿಗೆ ಯಾರೂ ಇರಲಿಲ್ಲ. ತಂಗಿ ತಿತಿಮತಿಗೆ ಬಂದರೆ ಬಸ್ಸು ಹತ್ತಿ ಹೋಗಿಬರುವಷ್ಟು ಹತ್ತಿರವಾಗುತ್ತಿತ್ತು. ಮಲ್ಲೇಶ ಅಲ್ಲಿ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ನಾನು ರೈಟ್ ಎಂದೆ. ಮಾರನೆಯ ದಿನ ಸಾಹುಕಾರರು ಕರೆದು, "ರೈಟರೇ, ಮನಿಲಾದಿಂದ ಒಬ್ರು ಬರ್ತಾರೆ. ಕಾಫಿ ನೋಡ್ಲಿಕ್ಕೆ. ಬಂಗಲೆಯಲ್ಲಿ ಹಂಚು ಇಳ್ಸಿ ಆಗಿದೆ, ಮಲಗಲಿಕ್ಕೆ ಜಾಗ ಇಲ್ಲ. ನಿಮ್ಗೆ ಇಂಗ್ಲಿಷ್ ಬರ್ತದಲ್ಲ, ನಿಮ್ಮ ಮನೆಯಲ್ಲೇ ಇಟ್ಕೊಳ್ಳಿ, ಆಗುವಾ?" ಎಂದರು. ಅದಕ್ಕೂ ರೈಟ್ ಎಂದೆ.

ಮನೆಗೆ ಬಂದು ಹೇಳಿದಾಗ ದಾಕ್ಷಾಯಿಣಿ ಹಣೆ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳದೆ ಏನು ಮಾಡಿಯಾಳು? ನಮ್ಮದು ಉತ್ತರ ಕೊಡಗಿನ ವೀರಶೈವರ ಮನೆತನ. ನಾನೂ ಲಿಂಗ ಕಟ್ಟಿದವನೇ, ಆದರೆ ಎಸ್ಟೇಟಿನ ನಾಲ್ಕು ಜನರ ನಡುವೆ ಬದುಕಿ ನನ್ನ ಆಚಾರದ ಅಂಚು ಸ್ವಲ್ಪ ಸವೆದಿತ್ತು. ಶನಿವಾರಸಂತೆಯಲ್ಲಿ ಮೆಣಸು ಏಲಕ್ಕಿ ವ್ಯಾಪಾರ ಮಾಡುತ್ತಿದ್ದ ನನ್ನ ಮಾವನವರದು ಹಾಗಲ್ಲ. ಲಿಂಗವಿಲ್ಲದ ಭವಿ ಇಳಿದುಕೊಂಡ ಮನೆಯಲ್ಲಿ ಅವರು ನೀರನ್ನೂ ಮುಟ್ಟುವವರಲ್ಲ. ಮಗಳ ಮನೆಯಲ್ಲಿ ಊಟವಿಲ್ಲದೆ ಅವರು ಎದ್ದುಹೋದರೆಂದರೆ ಗಿರಿಜೆಯ ಮಾತು ಅಲ್ಲಿಗೆ ಮುಗಿದ ಹಾಗೆ. "ಇಬ್ರಲ್ಲಿ ಒಬ್ರಿಗೆ ಈಗ್ಲೇ ಬೇಡ ಅನ್ನಿ," ಎಂದಳು. ಯಾರಿಗೆ ಅನ್ನಲಿ? ಸಾಹುಕಾರರಿಗೆ ಅಂದರೆ ಅನ್ನ ಹೋಗುತ್ತದೆ, ಮಾವನವರಿಗೆ ಅಂದರೆ ಮನೆಯ ನೆಮ್ಮದಿ ಹೋಗುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರಬಹುದು ಎಂದು ನಾನು ಸಮಾಧಾನ ಹೇಳಿದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಇಳಿದರು.

ಮರಿಯಾನೋ ಎಂಬ ಆ ಮನಿಲಾದ ಅತಿಥಿ ಸಣ್ಣ ಆಳು, ನಗುಮುಖ. ಅವರ ಸೀಮೆಯಲ್ಲಿ ಒಂದು ಕಾಲಕ್ಕೆ ಕಾಫಿ ಸಮೃದ್ಧಿಯಾಗಿತ್ತಂತೆ, ರೋಗ ಬಿದ್ದು ಹಾಳಾಯಿತಂತೆ. ಮತ್ತೆ ಗಿಡ ಹಚ್ಚುವ ಆಸೆಯಿಂದ ನಮ್ಮ ನೆರಳಿನ ತೋಟಗಳನ್ನು ನೋಡಲು ಬಂದಿದ್ದರು. ಅವರ ಇಂಗ್ಲಿಷು ಅಮೆರಿಕದ ಕಡೆಯದು, ನನ್ನದು ಸೋಮವಾರಪೇಟೆಯ ಕಡೆಯದು. ಆದರೂ ಹೇಗೋ ಸಂಧಾನವಾಗುತ್ತಿತ್ತು. ನಾನು ಗಳಿಗೆಗೊಮ್ಮೆ ರೈಟ್ ಎನ್ನುವುದನ್ನು ಕೇಳಿ ಅವರಿಗೆ ತಮಾಷೆಯೆನಿಸಿತು. "ಈ ಒಂದು ಶಬ್ದಕ್ಕೆ ನಮ್ಮ ತಗಾಲೊಗ್ ಭಾಷೆಯಲ್ಲಿ ಒಂದು ಸಂಸಾರವೇ ಇದೆ," ಎಂದು ತೋಟದಲ್ಲಿ ನಡೆಯುತ್ತಲೇ ಪಾಠ ಶುರುಮಾಡಿದರು. ಲೆಕ್ಕ ಸರಿಯಿದ್ದರೆ 'ತಮಾ'. ಬಲಗಡೆಯೆಂದರೆ 'ಕನಾನ್'. ಹೊರಡೋಣ, ಆಗಲಿ ಎನ್ನಲು 'ಸಿಗೆ'. ಅಂದರೆ ಇದು ನಮ್ಮ ಬಸ್ ಕಂಡಕ್ಟರರ ರೈಟ್. ನಡತೆ ನೆಟ್ಟಗಿರುವ ಮನುಷ್ಯ 'ಮತುವಿದ್'. ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಹಕ್ಕಿಗೆ 'ಕರಪತಾನ್'. ನಾನು ಇಷ್ಟು ದಿನ ಒಂದೇ ಚೀಲದಲ್ಲಿ ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲ ತುಂಬಿಕೊಂಡು ಓಡಾಡುತ್ತಿದ್ದೆನಲ್ಲ ಎನಿಸಿತು.

ಇಲ್ಲ ಎನ್ನಲು ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದೆ. 'ಹಿಂದಿ' ಎನ್ನುತ್ತೇವೆ ಎಂದರು. ಹಿಂದಿ ಪರೀಕ್ಷೆಗೆ ಕಟ್ಟಿ, ಮತ್ತೆ ಮತ್ತೆ ನಪಾಸಾಗಿ, ಕೊನೆಗೆ ಪುಸ್ತಕಗಳನ್ನು ಅಂಗಡಿಯ ಪೊಟ್ಟಣಕ್ಕೆ ಕೊಟ್ಟಿದ್ದ ನನಗೆ ಆ ಭಾಷೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಹಿರಿಯರೊಡನೆ ಮಾತಾಡುವಾಗ ಅವರು ಕೊನೆಗೆ 'ಪೋ' ಎಂದು ಸೇರಿಸುತ್ತಾರಂತೆ, ನಮ್ಮ 'ರೀ' ಇದ್ದ ಹಾಗೆ. ಅಭ್ಯಾಸಬಲದಿಂದ ಅವರು ನಮ್ಮ ಮಲಯಾಳದ ಮೇಸ್ತ್ರಿಗೂ ಬಹಳ ಮರ್ಯಾದೆಯಿಂದ ಒಂದು ಪೋ ಹೇಳಿದರು. ಮೇಸ್ತ್ರಿ ಅವನ ಭಾಷೆಯಂತೆ ತನ್ನನ್ನು ತೊಲಗು ಎಂದರೆಂದು ತಿಳಿದು ಮುಖ ಊದಿಸಿಕೊಂಡ. ಅವನನ್ನು ಸಮಾಧಾನ ಮಾಡಲು ನನಗೆ ಎರಡು ಬೀಡಿ ಖರ್ಚಾಯಿತು.

ಇವೆಲ್ಲ ಆಮೇಲಿನ ಮಾತು. ಬಂದ ದಿನದ ಸಂಗತಿಗೆ ಬರುತ್ತೇನೆ. ಮಾವನವರು ಕಾಲು ತೊಳೆದು, ತಾವೇ ಹೊತ್ತು ತಂದಿದ್ದ ಎಳೆ ಹಲಸಿನಕಾಯನ್ನು ಮಗಳ ಕೈಗೆ ಕೊಟ್ಟು, ಜಗಲಿಯಲ್ಲಿ ಕುಳಿತು ಅತಿಥಿಯನ್ನು ಮೇಲಿಂದ ಕೆಳಗೆ ನೋಡಿದರು. ದಾಕ್ಷಾಯಿಣಿ ಹೆದರಿಕೊಂಡೇ ಇಬ್ಬರಿಗೂ ಬೆಲ್ಲ ನೀರು ತಂದಿಟ್ಟಳು. ಮರಿಯಾನೋ ಲೋಟ ಎತ್ತುವ ಮೊದಲು ಅಂಗಿಯ ಒಳಗೆ ಕೈಹಾಕಿ, ಕರಿಯ ದಾರದಲ್ಲಿ ಕಟ್ಟಿದ್ದ ಒಂದು ಪುಟ್ಟ ಬೆಳ್ಳಿಯ ಕರಡಿಗೆಯಂಥದನ್ನು ಹೊರತೆಗೆದು, ಕಣ್ಣಿಗೊತ್ತಿಕೊಂಡು, ಏನೋ ಮಣಮಣ ಹೇಳಿಕೊಂಡರು. ಆಮೇಲೆ ಬೆರಳುಗಳಿಂದ ಹಣೆ, ಎದೆ, ಎರಡು ಭುಜ ಮುಟ್ಟಿಕೊಂಡರು. ಮಾವನವರು ಕುಳಿತಲ್ಲೇ ನೆಟ್ಟಗಾದರು. ನಮ್ಮವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಎದೆಯ ಮೇಲೆ ಕಟ್ಟಿಕೊಳ್ಳುತ್ತಾರೆ. ವಿಭೂತಿ ಧರಿಸುವುದೂ ಹಣೆ, ಎದೆ, ಭುಜಗಳಿಗೇ.

"ಅಳಿಯಂದ್ರೇ," ಎಂದು ಮಾವನವರು ನನ್ನ ಕಿವಿಯ ಹತ್ತಿರ ಬಾಗಿದರು. "ಕಡಲಾಚೆಗೂ ನಮ್ಮೋರು ಅವ್ರೇನ್ರೀ? ಇವ್ರು ಲಿಂಗವಂತ್ರೇ ಅಲ್ವೇ?"

ಇಲ್ಲ ಮಾವ, ಅವರು ಕ್ರೈಸ್ತರು ಎಂದು ಹೇಳಲು ಎಷ್ಟು ಹೊತ್ತು ಬೇಕು? ಬಾಗಿಲ ಸಂದಿಯಿಂದ ದಾಕ್ಷಾಯಿಣಿಯ ಕಣ್ಣು ನನ್ನನ್ನೇ ನೋಡುತ್ತಿತ್ತು. ಅದರಲ್ಲಿ ಗಿರಿಜೆ ಇದ್ದಳು, ತಿತಿಮತಿಯ ಬಸ್ಸಿತ್ತು. ನಾನು ಎಂದಿನಂತೆ "ರೈಟ್" ಎಂದೆ.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಬೆವರುತ್ತೇನೆ. ಮಾವನವರು ಪರದೇಶದ ಶರಣರ ಮೇಲೆ ಪ್ರಾಣವನ್ನೇ ಇಟ್ಟುಬಿಟ್ಟರು. ಪಾಪ, ಅವರ ನಾಡಿನಲ್ಲಿ ವಿಭೂತಿ ಎಲ್ಲಿ ಸಿಗಬೇಕು ಎಂದು ಮರುಗಿ ತಮ್ಮ ಚೀಲದಿಂದ ಒಂದು ವಿಭೂತಿಯ ಗಟ್ಟಿಯನ್ನು ತೆಗೆದು ಕೊಟ್ಟರು. ಇಲ್ಲಾದರೂ ಗುಟ್ಟು ಬಯಲಾಗುತ್ತದೆ ಎಂದು ನಾನು ಕಾಯುತ್ತಿದ್ದರೆ, ಮರಿಯಾನೋ ಬಹಳ ಭಕ್ತಿಯಿಂದ ತಲೆಬಾಗಿ ಹಣೆಗೆ ಹಚ್ಚಿಸಿಕೊಂಡರು. ಅವರ ಧರ್ಮದಲ್ಲೂ ವರ್ಷಕ್ಕೊಂದು ಬುಧವಾರ ಹಣೆಗೆ ಬೂದಿ ಇಡುವ ಪದ್ಧತಿ ಇದೆಯಂತೆ. ಇಲ್ಲಿ ಅದು ಯಾವ ದಿನವಾದರೂ ಸಿಗುತ್ತದಲ್ಲ ಎಂದು ಅವರು ಸಂತೋಷಪಟ್ಟರು. ಇಬ್ಬರೂ ಅಕ್ಕಪಕ್ಕ ಕುಳಿತು ಹಲಸಿನಕಾಯಿ ಪಲ್ಯ ಹೊಡೆದರು. ತೆಂಗಿನ ಹಾಲಿನಲ್ಲಿ ತಮ್ಮಮ್ಮನೂ ಇದನ್ನೇ ಬೇಯಿಸುತ್ತಾರೆ ಎಂದು ಮರಿಯಾನೋ ಕಣ್ಣಲ್ಲಿ ನೀರು ತಂದುಕೊಂಡರು. ಕಡುಬನ್ನು ಕಂಡು 'ಪುತೊ, ಪುತೊ' ಎಂದು ಹಳೆಯ ನೆಂಟನನ್ನು ಕಂಡ ಹಾಗೆ ಕೂಗಿದರು. ದಾಕ್ಷಾಯಿಣಿ ಬಡಿಸುತ್ತ ನನ್ನ ಎಲೆಯ ಮುಂದೆ ಬಂದಾಗಲೆಲ್ಲ ಸೌಟನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದಳು.

ಮಾರನೆಯ ಬೆಳಿಗ್ಗೆ ಮಾವನವರು ಸ್ನಾನ ಮಾಡಿ ಪೂಜೆಗೆ ಕುಳಿತು, ಪಕ್ಕದಲ್ಲೊಂದು ಮಣೆ ಹಾಕಿಸಿ, "ಶರಣರನ್ನ ಕರೀರಿ. ಇಬ್ರೂ ಒಟ್ಗೆ ಕೂರ್ತೀವಿ," ಎಂದರು. ಮರಿಯಾನೋ ಬಂದು ಚಕ್ಕಂಬಕ್ಕಳ ಹಾಕಿ ಕುಳಿತರು. ಮಾವನವರು ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ನೀವೂ ತೆರೆಯಿರಿ ಎಂದು ಸನ್ನೆ ಮಾಡಿದರು. ಮರಿಯಾನೋ ತಮ್ಮ ಬೆಳ್ಳಿಯ ಡಬ್ಬಿಯನ್ನು ತೆರೆದು ಅಂಗೈಯಲ್ಲಿಟ್ಟುಕೊಂಡರು. ಅದರಲ್ಲಿ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿಯ ಪುಟ್ಟ ಚಿತ್ರವಿತ್ತು. ನಾನು ಮಾಡಿನ ತೊಲೆಗಳನ್ನು ಪರೀಕ್ಷಿಸುತ್ತ ನಿಂತೆ.

"ಇದು ಏನು ಅಂತ ಕೇಳ್ರಿ," ಎಂದರು ಮಾವ.

ಕೇಳಿದೆ. ಹಡಗು ಹತ್ತುವಾಗ ಅಮ್ಮ ಕೊರಳಿಗೆ ಕಟ್ಟಿದ್ದು, ಇದು ದೇವಮಾತೆಯ ಚಿತ್ರ, ನಾನು ಕ್ರೈಸ್ತ ಎಂದು ಮರಿಯಾನೋ ಸರಳವಾಗಿ ಹೇಳಿದರು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಅಕ್ಷರಕ್ಕೆ ಅಕ್ಷರ ಹೇಳಿಬಿಟ್ಟೆ. ಮಾವನವರು ಬಾಗಿ ಆ ಚಿತ್ರವನ್ನು ಹತ್ತಿರದಿಂದ ನೋಡಿದರು. "ತಾಯಿ ಕಟ್ಟಿದ್ದು," ಎಂದರು. "ನಂಗೂ ಅವ್ವನ ತೊಡೆ ಮೇಲಿದ್ದಾಗ್ಲೇ ಕಟ್ಟಿದ್ದು." ಆಮೇಲೆ ಕಣ್ಣುಮುಚ್ಚಿ ಪೂಜೆ ಮುಗಿಸಿದರು. ಪಕ್ಕದ ಮಣೆಯಿಂದ ಅತಿಥಿಯನ್ನು ಎಬ್ಬಿಸಲಿಲ್ಲ. ಆದರೆ ತಿಂಡಿಗೆ ಕುಳಿತಾಗ ಆಚಾರ ಬಿಡಲಾಗದೆ ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕುಳಿತರು. ಬೆನ್ನು ಹಾಕಿಕೊಂಡೇ, "ಅವ್ರಿಗೆ ಇನ್ನೊಂದ್ ರೊಟ್ಟಿ ಹಾಕವ್ವಾ, ನಾಚ್ಕೊಂಡು ತಿಂತಾವ್ರೆ," ಎಂದು ಮಗಳಿಗೆ ಹೇಳುತ್ತಿದ್ದರು.

ಕೈ ತೊಳೆದ ಮೇಲೆ ನನ್ನ ಸರದಿ ಬಂತು. "ಆ ಮನ್ಷ ಕೇಳಿದ ತಕ್ಷಣ ತೆರೆದು ತೋರಿಸ್ದ. ನೀವು ಎಲ್ಲಾ ಗೊತ್ತಿದ್ದೂ ರೈಟ್ ಅಂದ್ರಿ. ಬೇಡ ಅನ್ನೋಕೆ ಬರದೇ ಇರೋ ಮನೆಗೆ ಇನ್ನೊಂದು ಹೆಣ್ಣು ಕೊಡೋದು ಹ್ಯಾಗೆ? ನಿಮ್ ತಮ್ಮನೂ ಇದೇ ಪೈಕಿಯೋ? ಕರೆಸ್ರಿ, ನೋಡ್ತೀನಿ." ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು.

ಆಳು ಕಳಿಸಿದೆ. ಸಂಜೆಗೆ ಮಲ್ಲೇಶ ಡಿಪೋದ ಮರದ ಹೊಟ್ಟು ಮೈಗೆ ಮೆತ್ತಿಕೊಂಡೇ ಬಂದ. ನಮ್ಮ ಮನೆತನದ ಮಾನ ಉಳಿಸಪ್ಪಾ ಎಂದು ನಾನು ಮನೆದೇವರಿಗೆ ಹರಸಿಕೊಂಡೆ. ಮಾವನವರು ಸುತ್ತುಬಳಸು ಮಾತಾಡುವವರಲ್ಲ. "ನನ್ ಕಿರಿಮಗಳನ್ನ ನಿಂಗೆ ಕೊಡ್ಬೇಕು ಅಂತ ಇವರೆಲ್ಲ ಮಾತಾಡ್ಕೊಂಡವ್ರೆ. ಆಗ್ತೀಯೇನಪ್ಪಾ?"

"ನಂಗೀಗ್ಲೇ ಗೊತ್ತಾಗಿದ್ದು," ಎಂದು ಅವನು ನನ್ನ ಕಡೆ ನೋಡಿದ. ಹೌದು, ಅವನಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದೆವು. "ಅದಿರ್ಲಿ. ಹುಡುಗೀನ ಕೇಳಿದೀರಾ?"

"ಅವಳ್ನೇನೋ ಕೇಳೋದು? ನಾನು ಹೇಳಿದ ಮೇಲೆ ಆಯ್ತು."

"ಹಂಗಾದ್ರೆ ಆಗಲ್ಲ ಮಾವ," ಎಂದ ಮಲ್ಲೇಶ. ಗಟ್ಟಿಯಾಗಿಯೇನೂ ಹೇಳಲಿಲ್ಲ. ಆ ಮಾತು ಇಷ್ಟು ಸಲೀಸಾಗಿ ಒಬ್ಬ ಮನುಷ್ಯನ ಬಾಯಿಂದ, ಅದೂ ನನ್ನ ಒಡಹುಟ್ಟಿದವನ ಬಾಯಿಂದ ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮರಿಯಾನೋ ನನ್ನ ತೋಳು ಹಿಡಿದು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಮಲ್ಲೇಶನನ್ನು ನೋಡಿ ತಲೆಯಾಡಿಸುತ್ತ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿಕೊಂಡರು. ಅದರಲ್ಲಿ ತಮಾ ಇತ್ತು, ಕರಪತಾನ್ ಇತ್ತು.

ಮಾವನವರು ಬೆಳಗಿನ ಬಸ್ಸಿಗೇ ಶನಿವಾರಸಂತೆಗೆ ಹೊರಟುಹೋದರು. ಮರಿಯಾನೋ ಕೂಡ ವಾರದಲ್ಲಿ ವಿಭೂತಿಯ ಗಟ್ಟಿಯನ್ನು ಭದ್ರವಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡು ಬೀಳ್ಕೊಂಡರು. ಮನೆಯಲ್ಲಿ ಉಳಿದದ್ದು ನಾನು, ದಾಕ್ಷಾಯಿಣಿ ಇಬ್ಬರೇ. ಅವಳು ಬೈದಿದ್ದರೆ ರೈಟ್ ಎಂದಾದರೂ ಅನ್ನಬಹುದಿತ್ತು. ಬೈಯಲಿಲ್ಲ. ತಂಗಿ ಬಂದರೆ ಕೊಡಬೇಕೆಂದು ಎತ್ತಿಟ್ಟಿದ್ದ ಹೊಸ ಹಿತ್ತಾಳೆಯ ಕೊಡವನ್ನು ಇಳಿಸಿ ನೀರಿಗೆ ಹಾಕಿಕೊಂಡಳು. ಅದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಒಂದೇ ಒಂದು ಸಲ ಸಾಹುಕಾರರಿಗೆ ಆಗುವುದಿಲ್ಲ ಎಂದಿದ್ದರೆ ಅವಳ ಆಸೆ ಹೀಗೆ ಬಾವಿಯ ಪಾಲಾಗುತ್ತಿರಲಿಲ್ಲವೆಂದು ಒಬ್ಬನೇ ತೋಟದಲ್ಲಿ ತಿರುಗುತ್ತ ಕೊರಗಿದೆ.

ಮಳೆ ಹಿಡಿಯುವ ಮೊದಲು ಮಾವನವರು ಹೇಳದೆ ಕೇಳದೆ ಬಂದರು. ಈ ಸಲ ಬೆನ್ನು ಹಾಕಬೇಕಾದ ಅತಿಥಿಗಳು ಯಾರೂ ಇರಲಿಲ್ಲವಾದರೂ ಕುಳಿತುಕೊಳ್ಳುವ ಮೊದಲು ಒಮ್ಮೆ ಒಳಗೆಲ್ಲ ಇಣುಕಿದರು. ಆಮೇಲೆ ಮಗಳನ್ನು ಕರೆದು, "ಕೇಳ್ದೆ ಕಣವ್ವಾ," ಎಂದರು. "ನಮ್ ವಂಶದಲ್ಲೇ ಇಲ್ಲದ ಪದ್ಧತಿ. ನಾಚ್ಕೆ ಬಿಟ್ಟು ಗಿರಿಜೇನ ಕೇಳ್ದೆ. ನಿಮ್ ಭಾವನ ತಮ್ಮ ಆಗಬೋದಾ, ಬೇರೆ ಕಡೆ ನೋಡಲಾ ಅಂತ. ಅಳೋಕ್ ಶುರು ಮಾಡಿದ್ಲು. ಯಾಕೆ ಅಂದ್ರೆ, ನನ್ನ ಕೇಳೋದು ನಿಂಗ್ ಹ್ಯಾಗಪ್ಪ ಹೊಳೀತು ಅಂದ್ಲು. ನಂಗೆ ಹೊಳೀಲಿಲ್ಲ ಕಣವ್ವ, ಆ ಹುಡುಗ ಹೇಳಿದ್ದು ಅಂದೆ. ಕಣ್ಣು ಒರಸ್ಕೊಂಡು, ಕೇಳ್ಬೇಕು ಅಂದೋರು ಇದಾರಲ್ಲ, ಅವ್ರೇ ಆಗ್ಲಿ ಬಿಡಪ್ಪಾ ಅಂದ್ಲು."

ದಾಕ್ಷಾಯಿಣಿ ಅಲ್ಲೇ ಕಂಬ ಹಿಡಿದು ನಿಂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಮದುವೆ ಶನಿವಾರಸಂತೆಯಲ್ಲಿ ಅಚ್ಚುಕಟ್ಟಾಗಿ ನಡೆಯಿತು. ಮಾವನವರು ಬಂದ ಬೀಗರಿಗೆಲ್ಲ ಕಿರಿಯ ಅಳಿಯನನ್ನು ತೋರಿಸಿ, "ನನ್ ಮುಖಕ್ಕೇ ಆಗಲ್ಲ ಅಂದೋನು," ಎಂದು ಹೆಮ್ಮೆಯಿಂದ ಪರಿಚಯ ಮಾಡಿಸುತ್ತಿದ್ದರು. ಹಿರಿಯ ಅಳಿಯನಾದ ನನಗೆ ಬಡಿಸುವವರ ಉಸ್ತುವಾರಿ ಸಿಕ್ಕಿತು. ಆ ಕೆಲಸದಲ್ಲಿ ಯಾರಿಗೂ ಇಲ್ಲವೆನ್ನುವ ಪ್ರಸಂಗ ಬರುವುದಿಲ್ಲವಾದ್ದರಿಂದ ನಾನು ಅದನ್ನು ಚೆನ್ನಾಗಿಯೇ ನಿಭಾಯಿಸಿದೆ.

ಮದುವೆ ಮುಗಿಸಿ ಎಸ್ಟೇಟಿಗೆ ಮರಳಿದ ಮೇಲೆ ದಾಕ್ಷಾಯಿಣಿ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. "ನಮ್ ಮದುವೇಲಿ ನನ್ನ ಯಾರೂ ಕೇಳ್ಲಿಲ್ಲ ಅಲ್ವಾ?" ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಆ ಧೈರ್ಯದ ಮೇಲೆ ನಾನು ಸರಸವಾಡಲು ಹೋದೆ. "ಕೇಳಿದ್ದಿದ್ರೆ ಏನಂತಿದ್ದೆ?"

ತಟ್ಟನೆ ಉತ್ತರ ಬರುತ್ತದೆಂದುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು. ಮೊರವನ್ನು ನೋಡಿದಳು. ಮತ್ತೊಮ್ಮೆ ನನ್ನನ್ನು, ಈ ಸಲ ಸ್ವಲ್ಪ ಹೆಚ್ಚು ಹೊತ್ತು, ನೋಡಿದಳು. "ಈಗಾದ್ರೂ ಕೇಳಿದ್ರಲ್ಲ," ಎಂದಳು. "ಯೋಚ್ನೆ ಮಾಡಿ ಹೇಳ್ತೀನಿ."

ಅದಾದ ಮೇಲೆ ನಮಗೆ ಮಕ್ಕಳಾದವು, ಅವರಿಗೆ ಮದುವೆಯಾಯಿತು, ಈಗ ಮೊಮ್ಮಕ್ಕಳು ನನ್ನ ಕನ್ನಡಕ ಮುರಿಯುತ್ತಿದ್ದಾರೆ. ದಾಕ್ಷಾಯಿಣಿ ಇನ್ನೂ ಯೋಚನೆ ಮಾಡುತ್ತಿದ್ದಾಳೆ. ಒಂದೊಂದು ಸಂಜೆ ಅಕ್ಕಿ ಆರಿಸುತ್ತ ಕೈ ನಿಲ್ಲಿಸಿ ನನ್ನ ಕಡೆ ತಿರುಗುತ್ತಾಳೆ. ನಾನು ಲಗುಬಗೆಯಿಂದ ಎದ್ದು, ದನದ ಕೊಟ್ಟಿಗೆಯ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡಿಬರಲು ಹೊರಟುಬಿಡುತ್ತೇನೆ.